ದೊಡ್ಡ ಗಡ್ಡೆಗೆ ಒಂದೇ ದಿನದ ರೇಡಿಯೇಷನ್ ಏಕೆ ಕೊಡುವುದಿಲ್ಲ

ಮೆದುಳಿಗೆ ಕ್ಯಾನ್ಸರ್ ಹರಡಿರುವ ರೋಗಿಗಳ ಮನೆಯವರು ನಮ್ಮ ವಿಭಾಗಕ್ಕೆ ಬಂದಾಗ ಹೆಚ್ಚುಕಡಿಮೆ ಎಲ್ಲರೂ ಕೇಳುವ ಪ್ರಶ್ನೆಯೊಂದಿದೆ: "ಸರ್, ಒಂದೇ ಸಲಕ್ಕೆ ಕೊಟ್ಟು ಮುಗಿಸಲಿಕ್ಕೆ ಆಗುವುದಿಲ್ಲವಾ?" ಅವರ ಪರಿಚಯದ ಯಾರಿಗೋ ಬೆಂಗಳೂರಿನಲ್ಲಿ ಒಂದೇ ದಿನದಲ್ಲಿ ಚಿಕಿತ್ಸೆ ಮುಗಿಸಿ ಸಂಜೆಗೆ ಮನೆಗೆ ಕಳುಹಿಸಿರುತ್ತಾರೆ. ತಮ್ಮವರಿಗೆ ಮಾತ್ರ ಮೂರು ದಿನ ಅಥವಾ ಐದು ದಿನ ಎಂದು ವೈದ್ಯರು ಹೇಳಿದಾಗ, ಇಲ್ಲಿಯ ಯಂತ್ರಕ್ಕೆ ಅಷ್ಟು ಶಕ್ತಿ ಇಲ್ಲವೇನೋ, ಕಾಯಿಲೆ ಕೈಮೀರಿದೆಯೇನೋ, ಬಿಲ್ಲು ಹೆಚ್ಚಿಸಲು ಹೀಗೆ ಮಾಡುತ್ತಾರೇನೋ ಎಂಬ ಅನುಮಾನಗಳು ಒಂದರ ಹಿಂದೊಂದು ಬರುತ್ತವೆ. ನಾನು ಮಂಗಳೂರಿನ ಆಸ್ಪತ್ರೆಯೊಂದರ ರೇಡಿಯೇಷನ್ ವಿಭಾಗದಲ್ಲಿ ಭೌತವಿಜ್ಞಾನಿ. ರೋಗಿಯನ್ನು ಪರೀಕ್ಷಿಸಿ ಚಿಕಿತ್ಸೆಯನ್ನು ನಿರ್ಧರಿಸುವುದು ವೈದ್ಯರ ಕೆಲಸ. ಅವರು ಹೇಳಿದ ಡೋಸು ಹೇಳಿದ ಜಾಗಕ್ಕೇ ತಲುಪುವಂತೆ ಲೆಕ್ಕ ಹಾಕುವುದು ಮತ್ತು ಯಂತ್ರ ಆ ಲೆಕ್ಕಕ್ಕೆ ಸರಿಯಾಗಿ ನಡೆಯುತ್ತದೆಯೇ ಎಂದು ನೋಡಿಕೊಳ್ಳುವುದು ನನ್ನ ಕೆಲಸ. ಕಾರಿಡಾರಿನಲ್ಲಿ ನಿಂತು ಎರಡು ಮಾತಿನಲ್ಲಿ ಕೊಡುವ ಉತ್ತರದಿಂದ ಯಾರಿಗೂ ಸಮಾಧಾನವಾಗುವುದಿಲ್ಲ; ಹಾಗಾಗಿ ಇಲ್ಲಿ ಸಾವಕಾಶವಾಗಿ ಬರೆಯುತ್ತಿದ್ದೇನೆ.

ಮೆದುಳಿಗೆ ಹರಡುವ ಕ್ಯಾನ್ಸರುಗಳಲ್ಲಿ ಶ್ವಾಸಕೋಶ, ಸ್ತನ ಮತ್ತು ಚರ್ಮದ ಮೆಲನೋಮ ಮುಂಚೂಣಿಯಲ್ಲಿವೆ. ನಮ್ಮ ದೇಶದಲ್ಲಿ ಮೆಲನೋಮ ಕಡಿಮೆ. ಆದ್ದರಿಂದ ಕುಂದಾಪುರದಿಂದ ಕಾಸರಗೋಡಿನವರೆಗಿನ ಊರುಗಳಿಂದ ನಮ್ಮಲ್ಲಿಗೆ ಬರುವವರಲ್ಲಿ ಶ್ವಾಸಕೋಶದ ಮತ್ತು ಸ್ತನದ ಕ್ಯಾನ್ಸರಿನವರೇ ಹೆಚ್ಚು. ರಕ್ತದ ಮೂಲಕ ಮೆದುಳಿಗೆ ಬಂದು ನೆಲೆಸಿದ ಈ ಗಡ್ಡೆಗಳಿಗೂ ಮೆದುಳಿನಲ್ಲೇ ಹುಟ್ಟುವ ಗ್ಲಯೋಮಾದಂಥ ಗಡ್ಡೆಗಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಗ್ಲಯೋಮಾ ಸುತ್ತಲಿನ ಮೆದುಳಿನೊಳಗೆ ಬೇರು ಬಿಟ್ಟಿರುತ್ತದೆ, ಹರಡಿ ಬಂದ ಗಡ್ಡೆಗೆ ಸಾಮಾನ್ಯವಾಗಿ ಸ್ಪಷ್ಟವಾದ ಅಂಚು ಇರುತ್ತದೆ. ಅಂಚು ಸ್ಪಷ್ಟವಾಗಿರುವುದರಿಂದಲೇ ಅದಕ್ಕೆ ಗುರಿಯಿಟ್ಟು ರೇಡಿಯೇಷನ್ ಕೊಡಲು ಸಾಧ್ಯ. ಸ್ವೀಡನ್ನಿನ ನರಶಸ್ತ್ರಚಿಕಿತ್ಸಕ ಲಾರ್ಸ್ ಲೆಕ್ಸೆಲ್ ಈ ವಿಧಾನಕ್ಕೆ 1951ರಲ್ಲಿ ರೇಡಿಯೋಸರ್ಜರಿ ಎಂಬ ಹೆಸರು ಕೊಟ್ಟರು. ಹಲವು ದಿಕ್ಕುಗಳಿಂದ ಬರುವ ಸಣ್ಣ ಸಣ್ಣ ಕಿರಣಗಳು ಒಂದೇ ಬಿಂದುವಿನಲ್ಲಿ ಸೇರಬೇಕು, ಸೇರುವ ಜಾಗದಲ್ಲಿ ಡೋಸು ಬಹಳ ಹೆಚ್ಚಿರಬೇಕು, ಅಲ್ಲಿಂದ ಕೆಲವೇ ಮಿಲಿಮೀಟರ್ ಆಚೆ ಅದು ಕಡಿದಾಗಿ ಇಳಿಯಬೇಕು ಎಂಬುದು ಅದರ ತತ್ವ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಗಾಮಾ ನೈಫ್ ಈ ಕೆಲಸವನ್ನು ಕೋಬಾಲ್ಟ್ ಮೂಲಗಳಿಂದ ಮಾಡುತ್ತದೆ, ಸೈಬರ್‌ನೈಫ್ ರೋಬೋಟಿನ ತೋಳಿನಿಂದ ಮಾಡುತ್ತದೆ, ನಾವು ದಿನವೂ ಬಳಸುವ ಲೀನಿಯರ್ ಆಕ್ಸಿಲರೇಟರ್ ತಲೆಯ ಸುತ್ತ ತಿರುಗುತ್ತಾ ಮಾಡುತ್ತದೆ. ಯಂತ್ರ ಯಾವುದು ಎನ್ನುವುದಕ್ಕಿಂತ ಗಡ್ಡೆಯ ಅಳತೆ ಎಷ್ಟು ಎನ್ನುವುದೇ ಮುಖ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಮ್‌ಆರ್‌ಐ ವರದಿಯಲ್ಲಿ ಗಡ್ಡೆಯ ಅಡ್ಡಳತೆಯನ್ನು ಸೆಂಟಿಮೀಟರಿನಲ್ಲಿ ಬರೆದಿರುತ್ತಾರೆ. ಎರಡು ಸೆಂಟಿಮೀಟರಿನದು ಸುಲಿದ ಅಡಿಕೆಯಷ್ಟು, ನಾಲ್ಕು ಸೆಂಟಿಮೀಟರಿನದು ಒಂದು ಲಿಂಬೆಹಣ್ಣಿನಷ್ಟು ಎಂದುಕೊಳ್ಳೋಣ. ಎರಡರಿಂದ ನಾಲ್ಕು ಎಂದ ಕೂಡಲೇ ಗಡ್ಡೆ ಎರಡು ಪಟ್ಟು ದೊಡ್ಡದು ಎಂದು ಮನೆಯವರಿಗೆ ಅನಿಸುತ್ತದೆ. ಆದರೆ ಅಡ್ಡಳತೆ ಎರಡು ಪಟ್ಟಾದರೆ ಗಾತ್ರ ಎಂಟು ಪಟ್ಟಾಗುತ್ತದೆ: ಎರಡು ಸೆಂಟಿಮೀಟರಿನ ಗೋಳದ ಗಾತ್ರ ಸುಮಾರು 4.2 ಸಿಸಿ, ನಾಲ್ಕು ಸೆಂಟಿಮೀಟರಿನದು 33.5 ಸಿಸಿ. ಚಿಕಿತ್ಸೆಯ ವೇಳೆ ತಲೆ ಕೂದಲೆಳೆಯಷ್ಟು ಅಲುಗಿದರೂ ಗಡ್ಡೆಯ ಅಂಚು ತಪ್ಪಿಹೋಗಬಾರದು ಎಂದು ಸುತ್ತಲೂ ಒಂದು ಮಿಲಿಮೀಟರ್ ಹೆಚ್ಚುವರಿ ಜಾಗವನ್ನು ಸೇರಿಸಿಕೊಳ್ಳುವುದು ರೂಢಿ. ನಾಲ್ಕು ಸೆಂಟಿಮೀಟರಿನ ಗಡ್ಡೆಗೆ ಈ ಒಂದು ಮಿಲಿಮೀಟರ್ ಸೇರಿಸಿದರೆ 5.3 ಸಿಸಿ ಹೆಚ್ಚಾಗುತ್ತದೆ. ಅಂದರೆ ಆ ತೆಳುವಾದ ಪದರವೊಂದೇ ಎರಡು ಸೆಂಟಿಮೀಟರಿನ ಇಡೀ ಗಡ್ಡೆಗಿಂತ ದೊಡ್ಡದು, ಮತ್ತು ಆ ಪದರದಲ್ಲಿರುವುದು ಆರೋಗ್ಯವಂತ ಮೆದುಳು. ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದಾಗ ಮನೆಯವರ ಮುಖದಲ್ಲಿ ಅನುಮಾನ ಸ್ವಲ್ಪ ತಿಳಿಯಾಗುವುದನ್ನು ನಾನು ಕಂಡಿದ್ದೇನೆ.

ಹಾಗಾದರೆ ಒಂದೇ ಸಲ ಎಷ್ಟು ಡೋಸು ಕೊಡಬಹುದು? ಇದಕ್ಕೆ ಇಂದಿಗೂ ಆಧಾರವಾಗಿರುವುದು ಅಮೆರಿಕದ ಆರ್‌ಟಿಒಜಿ ಎಂಬ ಸಂಶೋಧನಾ ಬಳಗ ನಡೆಸಿದ 90-05 ಎಂಬ ಅಧ್ಯಯನ. ಅದರ ಅಂತಿಮ ವರದಿ 2000ದಲ್ಲಿ ಬಂತು. ಹಿಂದೆ ರೇಡಿಯೇಷನ್ ಪಡೆದು ಗಡ್ಡೆ ಮತ್ತೆ ಬೆಳೆದವರ ಮೇಲೆ ನಡೆದ ಅಧ್ಯಯನವದು. ಎರಡು ಸೆಂಟಿಮೀಟರಿನವರೆಗಿನ ಗಡ್ಡೆಗೆ 24 ಗ್ರೇ (ಗ್ರೇ ಎಂದರೆ ರೇಡಿಯೇಷನ್ ಡೋಸನ್ನು ಅಳೆಯುವ ಮಾನ), ಎರಡರಿಂದ ಮೂರರವರೆಗೆ 18 ಗ್ರೇ, ಮೂರರಿಂದ ನಾಲ್ಕರವರೆಗೆ 15 ಗ್ರೇ ಎಂಬ ಮಿತಿಗಳು ಅಲ್ಲಿಂದ ಬಂದವು. ಸಣ್ಣ ಗಡ್ಡೆಗಳ ವಿಷಯದಲ್ಲಿ 24 ಗ್ರೇ ಎಂಬುದು ಮೆದುಳು ತಾಳಿಕೊಳ್ಳುವ ಕೊನೆಯ ಮಿತಿಯೇನೂ ಆಗಿರಲಿಲ್ಲ, ಅದಕ್ಕಿಂತ ಹೆಚ್ಚಿಸಲು ವೈದ್ಯರಿಗೆ ಮನಸ್ಸು ಬರಲಿಲ್ಲ ಅಷ್ಟೆ. ದೊಡ್ಡ ಗಡ್ಡೆಗಳಲ್ಲಿ ಮಾತ್ರ ಮಿತಿ ನಿಜವಾಗಿಯೂ ಎದುರಾಯಿತು. ಎರಡು ಸೆಂಟಿಮೀಟರಿಗಿಂತ ಸಣ್ಣ ಗಡ್ಡೆಗಳಿಗೆ ಹೋಲಿಸಿದರೆ ಮೂರು ಸೆಂಟಿಮೀಟರ್ ದಾಟಿದ ಗಡ್ಡೆಗಳಲ್ಲಿ ನರಮಂಡಲಕ್ಕೆ ತೀವ್ರ ತೊಂದರೆಯಾಗುವ ಸಂಭವ ಸುಮಾರು 16 ಪಟ್ಟು ಹೆಚ್ಚಿತ್ತು.

ಇಲ್ಲಿಯೇ ಇಕ್ಕಟ್ಟು ಇರುವುದು. ದೊಡ್ಡ ಗಡ್ಡೆಯಲ್ಲಿ ಕೊಲ್ಲಬೇಕಾದ ಜೀವಕೋಶಗಳು ಹೆಚ್ಚು, ಆದ್ದರಿಂದ ಅದಕ್ಕೆ ಹೆಚ್ಚು ಡೋಸು ಬೇಕು. ಆದರೆ ಸುತ್ತಲಿನ ಮೆದುಳನ್ನು ಉಳಿಸಬೇಕಾಗಿರುವುದರಿಂದ ಅದಕ್ಕೇ ಕಡಿಮೆ ಡೋಸು ಕೊಡಬೇಕಾಗುತ್ತದೆ. ಇದರ ಫಲವೇನೆಂದು ಕ್ಲೀವ್‌ಲ್ಯಾಂಡ್ ಕ್ಲಿನಿಕ್ಕಿನವರು 2006ರಲ್ಲಿ ತೋರಿಸಿದರು. 24 ಗ್ರೇ ಪಡೆದ ಗಡ್ಡೆಗಳಲ್ಲಿ ಒಂದು ವರ್ಷದ ನಂತರ 85 ಶೇಕಡ ಹತೋಟಿಯಲ್ಲಿದ್ದವು, 18 ಗ್ರೇ ಪಡೆದವುಗಳಲ್ಲಿ 49 ಶೇಕಡ, 15 ಗ್ರೇ ಪಡೆದವುಗಳಲ್ಲಿ 45 ಶೇಕಡ. ಒಂದೇ ದಿನದಲ್ಲಿ ಮುಗಿಯಲಿ ಎಂದು ದೊಡ್ಡ ಗಡ್ಡೆಗೆ 15 ಗ್ರೇ ಕೊಟ್ಟು ಕಳುಹಿಸಿದರೆ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಅದು ವರ್ಷದೊಳಗೆ ಮತ್ತೆ ತಲೆಯೆತ್ತಬಹುದು ಎಂದಾಯಿತು. ಯಾರ ತಾಯಿಗೂ ನಾನು ಆ ಪ್ಲಾನನ್ನು ಸಂತೋಷದಿಂದ ಮಾಡಲಾರೆ.

ಡೋಸನ್ನು ಹಂಚಿ ಕೊಟ್ಟರೆ ಈ ಇಕ್ಕಟ್ಟು ಸಡಿಲವಾಗುತ್ತದೆ. ರೇಡಿಯೇಷನ್ ಬಿದ್ದ ಮೇಲೆ ಆರೋಗ್ಯವಂತ ಮೆದುಳಿನ ಜೀವಕೋಶಗಳು ಮರುದಿನದೊಳಗೆ ತಮ್ಮ ಗಾಯವನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಆ ಸಾಮರ್ಥ್ಯ ಕಡಿಮೆ. ಇದನ್ನು ಅಳೆಯಲು ನಾವು ಆಲ್ಫಾ-ಬೀಟಾ ಎಂಬ ಅನುಪಾತವನ್ನು ಬಳಸುತ್ತೇವೆ. ಗಡ್ಡೆಗೆ ಸುಮಾರು 10, ಮೆದುಳಿಗೆ ಸುಮಾರು 2 ಎಂದು ಹಿಡಿಯುತ್ತೇವೆ. ಒಂದು ಸಲದ ಡೋಸನ್ನು ಆ ಅನುಪಾತದಿಂದ ಭಾಗಿಸಿ, ಅದಕ್ಕೆ ಒಂದನ್ನು ಕೂಡಿಸಿ, ಬಂದದ್ದನ್ನು ಒಟ್ಟು ಡೋಸಿನಿಂದ ಗುಣಿಸಿದರೆ ಆ ಚಿಕಿತ್ಸೆಯ ಜೈವಿಕ ಪರಿಣಾಮದ ಅಂದಾಜು ಸಿಗುತ್ತದೆ. ಒಂದೇ ಸಲ 15 ಗ್ರೇ ಕೊಟ್ಟರೆ ಗಡ್ಡೆಯ ಮೇಲಿನ ಪರಿಣಾಮ 37.5, ಮೆದುಳಿನ ಮೇಲಿನದು 127.5. ದಿನಕ್ಕೆ 6 ಗ್ರೇಯಂತೆ ಐದು ದಿನ, ಒಟ್ಟು 30 ಗ್ರೇ ಕೊಟ್ಟರೆ ಗಡ್ಡೆಯ ಮೇಲೆ 48, ಮೆದುಳಿನ ಮೇಲೆ 120. ಗಡ್ಡೆಗೆ ಬೀಳುವ ಏಟು ಕಾಲುಪಾಲಿಗಿಂತಲೂ ಹೆಚ್ಚಾಯಿತು, ಮೆದುಳಿಗೆ ಬೀಳುವುದು ಸ್ವಲ್ಪ ಕಡಿಮೆಯೇ ಆಯಿತು. ಒಂದು ಸಲದ ಡೋಸು ತೀರಾ ಹೆಚ್ಚಿರುವಾಗ ಈ ಸೂತ್ರ ಎಷ್ಟು ನಿಖರ ಎಂಬುದರ ಬಗ್ಗೆ ನಮ್ಮ ಕ್ಷೇತ್ರದಲ್ಲಿ ವಾದಗಳಿವೆ, ಆದರೂ ದಿಕ್ಕು ತೋರಿಸಲು ಅದು ಸಾಕು. ಇನ್ನೊಂದು ಕಾರಣ ಆಮ್ಲಜನಕ. ದೊಡ್ಡ ಗಡ್ಡೆಯ ನಡುಭಾಗಕ್ಕೆ ರಕ್ತ ಸರಿಯಾಗಿ ತಲುಪುವುದಿಲ್ಲ. ಆಮ್ಲಜನಕ ಕಡಿಮೆಯಿರುವ ಕೋಶಗಳು ರೇಡಿಯೇಷನ್ನಿಗೆ ಸುಲಭವಾಗಿ ಬಗ್ಗುವುದಿಲ್ಲ. ಮೊದಲ ದಿನ ಹೊರಪದರದ ಕೋಶಗಳು ಸತ್ತರೆ, ಒಳಗಿನವುಗಳಿಗೆ ಮುಂದಿನ ದಿನಗಳಲ್ಲಿ ಆಮ್ಲಜನಕ ಸಿಗುತ್ತದೆ, ಆಗ ಅವೂ ಹಿಡಿತಕ್ಕೆ ಬರುತ್ತವೆ.

ಇದು ಬರೀ ಸೂತ್ರದ ಮಾತಲ್ಲ. ಇಟಲಿಯ ವೈದ್ಯರ ತಂಡವೊಂದು 2016ರಲ್ಲಿ ಎರಡು ಸೆಂಟಿಮೀಟರಿಗಿಂತ ದೊಡ್ಡ ಗಡ್ಡೆಗಳಲ್ಲಿ ಒಂದೇ ಸಲದ ಚಿಕಿತ್ಸೆಯನ್ನೂ ದಿನಕ್ಕೆ 9 ಗ್ರೇಯಂತೆ ಮೂರು ದಿನದ ಚಿಕಿತ್ಸೆಯನ್ನೂ ಹೋಲಿಸಿತು. ಒಂದು ವರ್ಷದಲ್ಲಿ ಹತೋಟಿ ಒಂದೇ ಸಲದವರಲ್ಲಿ 77 ಶೇಕಡ, ಮೂರು ದಿನದವರಲ್ಲಿ 91 ಶೇಕಡ. ರೇಡಿಯೇಷನ್ನಿನಿಂದ ಮೆದುಳಿನ ಅಂಗಾಂಶ ಸಾಯುವ ತೊಂದರೆ ಮೊದಲಿನವರಲ್ಲಿ 20 ಶೇಕಡ, ಎರಡನೆಯವರಲ್ಲಿ 8 ಶೇಕಡ. ಚೀಟಿ ಎತ್ತಿ ಗುಂಪು ಮಾಡಿದ ಪ್ರಯೋಗವಲ್ಲದ ಕಾರಣ ಅದನ್ನು ಕೊನೆಯ ಮಾತು ಎನ್ನಲಾಗದು, ಆದರೆ ಗುಣವೂ ಹೆಚ್ಚು, ಅಪಾಯವೂ ಕಡಿಮೆ ಎಂದು ಎರಡೂ ಒಟ್ಟಿಗೆ ಕಾಣಿಸುವುದು ನಮ್ಮ ಕೆಲಸದಲ್ಲಿ ಅಪರೂಪ.

ಬಂಟ್ವಾಳದ ಕಡೆಯ ಒಬ್ಬ ಅಮ್ಮನವರ ಚಿಕಿತ್ಸೆ ನನಗೆ ಚೆನ್ನಾಗಿ ನೆನಪಿದೆ. ಸ್ತನದ ಕ್ಯಾನ್ಸರಿಗೆ ಹಿಂದೆ ಚಿಕಿತ್ಸೆಯಾಗಿತ್ತು. ಬೀಡಿ ಕಟ್ಟುವಾಗ ನೂಲು ಸುತ್ತಲು ಬಲಗೈಯ ಬೆರಳುಗಳು ಬಗ್ಗುತ್ತಿಲ್ಲ ಎಂಬುದು ಅವರಿಗೇ ಮೊದಲು ಗೊತ್ತಾದದ್ದು; ಎಲೆ ಕತ್ತರಿಸುವುದು ಸರಿಯಾಗುತ್ತಿತ್ತಂತೆ, ಕೊನೆಯ ಗಂಟು ಮಾತ್ರ ಕೈ ತಪ್ಪುತ್ತಿತ್ತಂತೆ. ಎಮ್‌ಆರ್‌ಐಯಲ್ಲಿ ಎಡಭಾಗದಲ್ಲಿ, ಕೈಯ ಚಲನೆಯನ್ನು ನಡೆಸುವ ಜಾಗಕ್ಕೆ ತಾಗಿಕೊಂಡು ಮೂರೂವರೆ ಸೆಂಟಿಮೀಟರಿನ ಗಡ್ಡೆ ಕಂಡಿತು. ಶಸ್ತ್ರಚಿಕಿತ್ಸೆ ಮಾಡಿದರೆ ಕೈ ಪೂರ್ತಿ ಹೋಗುವ ಭಯವಿತ್ತು. ವೈದ್ಯರು ಐದು ದಿನದ ಚಿಕಿತ್ಸೆ ಎಂದರು, ಮಗ ನನ್ನ ಹತ್ತಿರ ಬಂದು ಅದೇ ಪ್ರಶ್ನೆ ಕೇಳಿದರು: "ಅಮ್ಮನಿಗೆ ಕರೆಂಟ್ ಒಂದೇ ದಿನ ಕೊಟ್ಟರೆ ಆಗುವುದಿಲ್ಲವಾ ಸರ್? ದಿನಾ ಕರ್ಕೊಂಡು ಬರುವುದು ಕಷ್ಟ ಉಂಟು."

ಮೊದಲ ದಿನ ತಲೆ ಅಲುಗದಂತೆ ಹಿಡಿದಿಡುವ ಮಾಸ್ಕ್ ಮಾಡುತ್ತಾರೆ. ಬಿಳಿಯ ಪ್ಲಾಸ್ಟಿಕ್ ಹಾಳೆಯನ್ನು ಬಿಸಿನೀರಿನಲ್ಲಿ ಮೆತ್ತಗಾಗಿಸಿ ಮುಖದ ಮೇಲೆ ಎಳೆದು ಮೇಜಿಗೆ ಸಿಕ್ಕಿಸುತ್ತಾರೆ. ಕೆಲವೇ ನಿಮಿಷಗಳಲ್ಲಿ ಅದು ಹಣೆ, ಮೂಗಿನ ಸೇತುವೆ, ಗಲ್ಲದ ಆಕಾರಕ್ಕೆ ಗಟ್ಟಿಯಾಗುತ್ತದೆ. ಅದಕ್ಕೆ ಮುಂಚೆ ನಮ್ಮ ಟೆಕ್ನೀಷಿಯನ್ ಹುಡುಗಿ "ಅಮ್ಮಾ, ಮೂಗುತಿ ತೆಗೆಯಬೇಕಾಗ್ತದೆ" ಎಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು, ಮದುವೆಯಾದಂದಿನಿಂದ ತೆಗೆದಿರಲಿಲ್ಲವಂತೆ. ಆ ಹುಡುಗಿ ಅವಸರ ಮಾಡಲಿಲ್ಲ. ಕೊನೆಗೆ ಅಮ್ಮನೇ ತೆಗೆದು ಸೆರಗಿನ ಅಂಚಿನಲ್ಲಿ ಗಂಟು ಹಾಕಿಕೊಂಡರು. ಮಾಸ್ಕ್ ಹಾಕಿದ ಮೇಲೆ ಮಾತನಾಡಲು ಕಷ್ಟ, ಆದರೆ ಒಳಗೆ ಕ್ಯಾಮೆರಾ ಇದೆ, ಕೈ ಎತ್ತಿದರೆ ತಕ್ಷಣ ನಿಲ್ಲಿಸುತ್ತೇವೆ. ಇದನ್ನು ರೋಗಿಗೆ ಮೊದಲೇ, ಅವರ ಭಾಷೆಯಲ್ಲೇ, ತುಳುವಾದರೆ ತುಳುವಿನಲ್ಲಿ ಬ್ಯಾರಿಯಾದರೆ ಬ್ಯಾರಿಯಲ್ಲಿ ಹೇಳಬೇಕು. ಹೆದರಿದ ರೋಗಿ ಅಲುಗಾಡುತ್ತಾರೆ. ಮಿಲಿಮೀಟರಿನ ಲೆಕ್ಕದಲ್ಲಿ ನಡೆಯುವ ಚಿಕಿತ್ಸೆಯಲ್ಲಿ ಧೈರ್ಯ ಹೇಳುವುದೂ ನಿಖರತೆಯದೇ ಭಾಗ.

ಆ ಮಾಸ್ಕಿನಲ್ಲೇ ಸಿಟಿ ಸ್ಕ್ಯಾನ್ ಮಾಡಿ, ತೆಳುವಾದ ಸ್ಲೈಸುಗಳ ಎಮ್‌ಆರ್‌ಐಯನ್ನು ಅದರ ಮೇಲೆ ಹೊಂದಿಸುತ್ತೇವೆ. ವೈದ್ಯರು ಒಂದೊಂದು ಸ್ಲೈಸಿನಲ್ಲೂ ಗಡ್ಡೆಯ ಅಂಚನ್ನು ಬರೆಯುತ್ತಾರೆ, ಕಣ್ಣಿನ ನರ, ಮೆದುಳಿನ ಕಾಂಡ ಮುಂತಾದ ಸೂಕ್ಷ್ಮ ಭಾಗಗಳನ್ನು ಗುರುತಿಸುತ್ತಾರೆ. ಅಲ್ಲಿಂದ ನನ್ನ ಕೆಲಸ ಶುರು. ಒಂದೇ ಸಲದ ಚಿಕಿತ್ಸೆಯಲ್ಲಿ 12 ಗ್ರೇ ಅಥವಾ ಅದಕ್ಕಿಂತ ಹೆಚ್ಚು ಬೀಳುವ ಭಾಗ 5ರಿಂದ 10 ಸಿಸಿ ದಾಟಿದರೆ ಅಪಾಯ ವೇಗವಾಗಿ ಏರುತ್ತದೆ ಎಂದು ಗೊತ್ತಿದೆ. ಈ ಅಮ್ಮನವರ ಗಡ್ಡೆಯೇ 22 ಸಿಸಿಯ ಆಸುಪಾಸಿನಲ್ಲಿತ್ತು. ಒಂದೇ ದಿನದ ಪ್ಲಾನಿನಲ್ಲಿ ಆ ಮಿತಿಯೊಳಗೆ ಉಳಿಯುವ ಮಾತೇ ಇರಲಿಲ್ಲ. ಇದನ್ನು, ಡೋಸು ಎಲ್ಲಿಯವರೆಗೆ ಬೀಳುತ್ತದೆ ಎಂದು ಸೂಚಿಸುವ ಗೆರೆಗಳ ಸಮೇತ, ಮಗನಿಗೆ ಪರದೆಯ ಮೇಲೆ ತೋರಿಸಿದೆ. ಕೆಂಪು ಗೆರೆ ಗಡ್ಡೆಯನ್ನು ಸುತ್ತಿಕೊಂಡಿತ್ತು, ಅದರಾಚೆಯ ನೀಲಿ ಗೆರೆ ಕೈಯ ಚಲನೆಯ ಪಟ್ಟಿಯನ್ನು ದಾಟುತ್ತಿತ್ತು. "ಹಾಗಾದರೆ ಐದು ದಿನವೇ ಆಗಲಿ ಸರ್, ಇಲ್ಲೇ ಎಲ್ಲಾದರೂ ರೂಮು ಮಾಡ್ತೇವೆ" ಎಂದರು. ಚಿಕಿತ್ಸೆ ಮುಗಿದು ಮುಂದಿನ ಎಮ್‌ಆರ್‌ಐ ಹೊತ್ತಿಗೆ ಗಡ್ಡೆ ಕುಗ್ಗಿತ್ತು, ಬೆರಳುಗಳಲ್ಲಿ ಸ್ವಲ್ಪ ಬಲ ಬಂದಿತ್ತು. ಎಲ್ಲರಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ.

ಚಿಕಿತ್ಸೆಯ ದಿನ ಬೆಳಿಗ್ಗೆ, ರೋಗಿ ಬರುವ ಮೊದಲೇ, ಒಂದು ಸಣ್ಣ ಲೋಹದ ಗುಂಡನ್ನು ಮೇಜಿನ ತುದಿಯಲ್ಲಿಟ್ಟು ಎಲ್ಲ ಕೋನಗಳಿಂದಲೂ ಕಿರಣ ಬಿಟ್ಟು ಚಿತ್ರ ತೆಗೆಯುತ್ತೇವೆ. ಪ್ರತಿ ಚಿತ್ರದಲ್ಲೂ ಗುಂಡಿನ ನೆರಳು ಕಿರಣದ ನಟ್ಟನಡುವೆಯೇ ಬೀಳಬೇಕು. ಒಂದು ಮಿಲಿಮೀಟರಿನ ಆಚೆ ಸರಿದರೆ ಅಂದು ಚಿಕಿತ್ಸೆ ನಿಲ್ಲುತ್ತದೆ. ಹೊರಗೆ ಕಾಯುವವರಿಗೆ ಇದು ತಡವೆನಿಸುತ್ತದೆ, ಆದರೆ ಈ ಪರೀಕ್ಷೆಯನ್ನು ಬಿಟ್ಟು ಮುಂದೆ ಹೋಗುವುದು ನನ್ನಿಂದಾಗದ ಮಾತು.

ಎಲ್ಲ ದೊಡ್ಡ ಗಡ್ಡೆಗಳಿಗೂ ರೇಡಿಯೇಷನ್ನೇ ಮೊದಲು ಎಂದಲ್ಲ. ಗಡ್ಡೆ ಮೆದುಳನ್ನು ಒಂದು ಬದಿಗೆ ತಳ್ಳುತ್ತಿದ್ದರೆ, ಅಥವಾ ಹಿಂಬದಿಯ ಕಿರುಮೆದುಳಿನಲ್ಲಿದ್ದು ದ್ರವ ಹರಿಯುವ ದಾರಿಯನ್ನು ಮುಚ್ಚುತ್ತಿದ್ದರೆ, ವಾಂತಿ ಮತ್ತು ಮಂಪರು ಹೆಚ್ಚುತ್ತಿದ್ದರೆ, ಆಪರೇಷನ್ನನ್ನು ಮುಂದೂಡುವಂತಿಲ್ಲ; ರೇಡಿಯೇಷನ್ನಿನಿಂದ ಗಡ್ಡೆ ಕುಗ್ಗಲು ವಾರಗಳು ಬೇಕು. ಒಂದೇ ಗಡ್ಡೆ ಇರುವವರಲ್ಲಿ ಅದನ್ನು ತೆಗೆದು ಆಮೇಲೆ ರೇಡಿಯೇಷನ್ ಕೊಟ್ಟರೆ ಆಯಸ್ಸು ಹೆಚ್ಚುತ್ತದೆ ಎಂದು 1990ರ ಪ್ರಸಿದ್ಧ ಪ್ರಯೋಗವೊಂದು ತೋರಿಸಿತು: ಆಪರೇಷನ್ ಆದವರ ಮಧ್ಯಮ ಆಯಸ್ಸು, ಅಂದರೆ ಅರ್ಧದಷ್ಟು ಮಂದಿ ಬದುಕಿದ್ದ ಅವಧಿ, 40 ವಾರ, ಆಗದವರದು 15 ವಾರ. ಗಡ್ಡೆ ಪೂರ್ತಿ ತೆಗೆದಾಯಿತಲ್ಲ, ಇನ್ನು ರೇಡಿಯೇಷನ್ ಏಕೆ ಎಂದು ಕೆಲವರು ಅಲ್ಲಿಗೇ ಬಿಡುತ್ತಾರೆ, ಅದು ಸರಿಯಲ್ಲ. 2017ರಲ್ಲಿ ಬಂದ ಪ್ರಯೋಗವೊಂದರಲ್ಲಿ, ಗಡ್ಡೆ ಪೂರ್ತಿ ತೆಗೆದ ನಂತರವೂ ಸುಮ್ಮನೆ ಕಾದವರಲ್ಲಿ ವರ್ಷದ ಕೊನೆಗೆ ಆ ಜಾಗ ಶುದ್ಧವಾಗಿ ಉಳಿದದ್ದು 43 ಶೇಕಡ ಮಂದಿಯಲ್ಲಿ ಮಾತ್ರ; ಖಾಲಿಯಾದ ಜಾಗಕ್ಕೆ ಗುರಿಯಿಟ್ಟು ರೇಡಿಯೇಷನ್ ಪಡೆದವರಲ್ಲಿ 72 ಶೇಕಡ. ಆಪರೇಷನ್ನಿಗೆ ಮೊದಲೇ ರೇಡಿಯೇಷನ್ ಕೊಟ್ಟುಬಿಡುವ ಕ್ರಮವೂ ಈಗ ಪರೀಕ್ಷೆಯಲ್ಲಿದೆ. ಗಾಮಾ ನೈಫ್ ಇರುವ ಕೆಲವೆಡೆ ದೊಡ್ಡ ಗಡ್ಡೆಗೆ ಎರಡು ಕಂತಿನಲ್ಲಿ, ನಡುವೆ ಎರಡು ಮೂರು ವಾರ ಬಿಟ್ಟು ಕೊಡುತ್ತಾರೆ. ಮೊದಲ ಕಂತಿಗೆ ಗಡ್ಡೆ ಕುಗ್ಗಿದರೆ ಎರಡನೆಯದಕ್ಕೆ ಗುರಿ ಸಣ್ಣದಾಗುತ್ತದೆ.

ಇಡೀ ಮೆದುಳಿಗೆ ಹತ್ತು ದಿನ ಕೊಡುವ ಹಳೆಯ ಕ್ರಮ ಈಗಲೂ ಇದೆ, ಗಡ್ಡೆಗಳು ಬಹಳ ಇದ್ದಾಗ ಅದು ಬೇಕಾಗುತ್ತದೆ. ಆದರೆ ನೆನಪು ಮತ್ತು ಗ್ರಹಿಕೆಯ ಮೇಲೆ ಅದರ ಪೆಟ್ಟು ದೊಡ್ಡದು: 2017ರಲ್ಲೇ ಬಂದ ಇನ್ನೊಂದು ಪ್ರಯೋಗದಲ್ಲಿ, ಆಪರೇಷನ್ನಿನ ನಂತರ ಇಡೀ ಮೆದುಳಿಗೆ ಪಡೆದವರಲ್ಲಿ ಆರು ತಿಂಗಳಿಗೆ 85 ಶೇಕಡ ಮಂದಿಯಲ್ಲಿ ಗ್ರಹಿಕೆ ಕುಂದಿತ್ತು, ಗುರಿಯಿಟ್ಟು ಪಡೆದವರಲ್ಲಿ 52 ಶೇಕಡ. ಆಯಸ್ಸಿನಲ್ಲಿ ಎರಡೂ ಗುಂಪುಗಳಿಗೆ ಹೇಳುವಂಥ ವ್ಯತ್ಯಾಸವಿರಲಿಲ್ಲ.

ಊತ ಇಳಿಸಲು ಕೊಡುವ ಡೆಕ್ಸಾಮೆಥಾಸೋನ್ ಮಾತ್ರೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಎರಡು ದಿನದಲ್ಲಿ ತಲೆನೋವು ಹೋಗುತ್ತದೆ, ಹಸಿವು ಬರುತ್ತದೆ, ಮನೆಯವರು ಗುಣವಾಯಿತೆಂದು ಸಂತೋಷಪಡುತ್ತಾರೆ. ಸಕ್ಕರೆ ಕಾಯಿಲೆ ಇದ್ದವರಿಗೆ ಆ ದಿನಗಳಲ್ಲಿ ಶುಗರ್ ವಿಪರೀತ ಏರಬಹುದು, ಆದ್ದರಿಂದ ಮನೆಯಲ್ಲೇ ಪರೀಕ್ಷಿಸುತ್ತಿರಬೇಕು. ತೊಡೆಯ ಸ್ನಾಯುಗಳು ಸೋತು ಕುಳಿತಲ್ಲಿಂದ ಏಳಲಾಗದಿದ್ದರೆ ಅದನ್ನು ಕ್ಯಾನ್ಸರಿನ ಸುಸ್ತು ಎಂದು ತಳ್ಳಿಹಾಕದೆ ವೈದ್ಯರಿಗೆ ತಿಳಿಸಬೇಕು. ಮತ್ತು ಎಷ್ಟೇ ಗುಣವೆನಿಸಿದರೂ ಆ ಮಾತ್ರೆಯನ್ನು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು.

ಚಿಕಿತ್ಸೆಯ ನಂತರ ಎರಡು ಮೂರು ತಿಂಗಳಿಗೊಮ್ಮೆ ಎಮ್‌ಆರ್‌ಐ ಮಾಡಿಸಲು ಹೇಳುತ್ತಾರೆ. ಸುಳ್ಯದಿಂದಲೋ ಆಗುಂಬೆಯ ಮೇಲಿನಿಂದಲೋ ಮಳೆಗಾಲದಲ್ಲಿ ಬರುವವರಿಗೆ ಅದು ಹೊರೆಯೆಂದು ನನಗೆ ತಿಳಿದಿದೆ, ಆದರೂ ತಪ್ಪಿಸಬಾರದು. ಆರು ತಿಂಗಳು, ವರ್ಷ ಕಳೆದ ಮೇಲೆ ಅದೇ ಜಾಗ ಮತ್ತೆ ಹೊಳೆಯಬಹುದು. ಅದು ಗಡ್ಡೆ ಮರಳಿದ್ದೋ, ರೇಡಿಯೇಷನ್ನಿನಿಂದ ಸತ್ತ ಅಂಗಾಂಶವೋ ಎಂದು ಒಂದೇ ಚಿತ್ರ ನೋಡಿ ಹೇಳುವುದು ಅನುಭವಿ ವೈದ್ಯರಿಗೂ ಕಷ್ಟ, ಹಳೆಯ ಚಿತ್ರಗಳ ಸಾಲು ಪಕ್ಕದಲ್ಲಿರಬೇಕು. ಸತ್ತ ಅಂಗಾಂಶವಾದರೆ ಸ್ಟೀರಾಯ್ಡಿನಿಂದ, ಅಗತ್ಯ ಬಿದ್ದರೆ ಬೆವಾಸಿಜುಮಾಬ್ ಎಂಬ ಔಷಧಿಯಿಂದ ಊತ ಇಳಿಸಬಹುದು. ಗಡ್ಡೆಯೇ ಆದರೆ ಮತ್ತೆ ಆಪರೇಷನ್ ಅಥವಾ ರೇಡಿಯೇಷನ್ನಿನ ಯೋಚನೆ ಮಾಡಬೇಕಾಗುತ್ತದೆ. ಆಗ ಮೆದುಳಿನ ಯಾವ ಭಾಗಕ್ಕೆ ಈಗಾಗಲೇ ಎಷ್ಟು ಡೋಸು ಬಿದ್ದಿದೆ ಎಂದು ತಿಳಿಯದೆ ನನ್ನಂಥವರು ಒಂದು ಗೆರೆಯನ್ನೂ ಎಳೆಯುವಂತಿಲ್ಲ. ಆದ್ದರಿಂದ ಚಿಕಿತ್ಸೆ ಮುಗಿದ ದಿನವೇ, ಎಷ್ಟು ಗ್ರೇ, ಎಷ್ಟು ದಿನ, ಯಾವ ಜಾಗಕ್ಕೆ ಎಂದು ಬರೆದ ಸಾರಾಂಶವನ್ನೂ ಪ್ಲಾನಿನ ಪ್ರತಿಯನ್ನೂ ಎಮ್‌ಆರ್‌ಐ ಸಿಡಿಗಳನ್ನೂ ಕೇಳಿ ಪಡೆಯಿರಿ, ಬೇರೆ ಆಸ್ಪತ್ರೆಗೆ ಹೋಗುವುದಾದರೂ ಅವನ್ನು ಕಡ್ಡಾಯವಾಗಿ ಒಯ್ಯಿರಿ.